ಅಂದಕ್ಕಿಂತ ಮೊದಲು ಅಳತೆ: ಕೆಲಸ ತಂದುಕೊಡುವ ಆನ್‌ಲೈನ್ ಮಾಡೆಲಿಂಗ್ ಪೋರ್ಟ್‌ಫೋಲಿಯೊ ಕಟ್ಟುವ ಬಗೆ

ಬೆಂಗಳೂರಿನ ಕಾಸ್ಟಿಂಗ್ (ಶೂಟಿಗೆ ಮಾಡೆಲ್‌ಗಳನ್ನು ಆರಿಸುವ) ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬರುವ ಸಂದೇಶಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: ‘ರೇಷ್ಮೆ ಸೀರೆ ಬ್ರ್ಯಾಂಡ್, ಹುಡುಗಿ, ವಯಸ್ಸು 22ರಿಂದ 28, ಎತ್ತರ 5 ಅಡಿ 5ರ ಮೇಲೆ, ಉದ್ದ ಕೂದಲು, ಶೂಟ್ ಶುಕ್ರವಾರ, ಇವತ್ತು ಸಂಜೆಯೊಳಗೆ ಪ್ರೊಫೈಲ್ ಕಳಿಸಿ.’ ಸಂಜೆಯಾಗುವಷ್ಟರಲ್ಲಿ, ಬ್ರ್ಯಾಂಡಿಗೆ ಮಾಡೆಲ್ ಹೊಂದಿಸಿಕೊಡುವ ಕೋಆರ್ಡಿನೇಟರ್ ಫೋನಿನಲ್ಲಿ ಲಿಂಕುಗಳ ಸಾಲೇ ನಿಂತಿರುತ್ತದೆ. ಆಕೆ ಅವನ್ನು ನೋಡುವುದು ಆಟೋದಲ್ಲಿ, ಇಲ್ಲವೇ ಇನ್ಯಾವುದೋ ಸೆಟ್ಟಿನ ಮೂಲೆಯಲ್ಲಿ ಕೂತು. ‘ಈ ಹುಡುಗಿ ಎಷ್ಟು ಚೆಂದ ಇದ್ದಾಳೆ’ ಎಂದು ಯೋಚಿಸುವಷ್ಟು ಪುರುಸೊತ್ತು ಅವಳಿಗಿಲ್ಲ. ಬ್ಲೌಸ್ ಹಿಡಿಸುತ್ತದಾ, ಕೂದಲು ಈಗಲೂ ಅಷ್ಟುದ್ದ ಇದೆಯಾ, ಶುಕ್ರವಾರ ಬಿಡುವಿದೆಯಾ, ಫೋಟೋದಲ್ಲಿ ಕಾಣುವ ಮುಖವೇ ಸೆಟ್ಟಿಗೂ ಬರುತ್ತದಾ? ಇಷ್ಟಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಲಿಂಕ್ ಒತ್ತುತ್ತಾಳೆ.

ಹೊಸಬರು ಸೋಲುವುದು ಇಲ್ಲೇ. ಸಾವಿರಾರು ರೂಪಾಯಿ ಸುರಿದು, ಹೊಗೆ ಬಿಟ್ಟು, ಕೆಂಪು-ನೀಲಿ ಲೈಟು ಹಾಕಿ ಫೋಟೋ ತೆಗೆಸಿರುತ್ತಾರೆ. ಎತ್ತರ ಎಷ್ಟೆಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಅಳತೆ-ಫೋಟೋಗಳ ಸಂಗ್ರಹ ಕಟ್ಟುವ ಈ ಮಾರ್ಗದರ್ಶಿ ಶುರುವಾಗುವುದು ದರ್ಜಿಯ ಟೇಪಿನಿಂದ. ದುಬಾರಿ ಕ್ಯಾಮೆರಾ ಆಮೇಲೆ ಬರಲಿ.

ಹಂತ 1: ಯಾವ ಕೆಲಸ ಬೇಕು ಎಂದು ತೀರ್ಮಾನಿಸಿ

ಮಾಡೆಲಿಂಗ್ ಎಂದರೆ ರ‍್ಯಾಂಪ್ ಎಂದುಕೊಂಡವರೇ ಹೆಚ್ಚು. ರ‍್ಯಾಂಪಿಗೆ ಎತ್ತರದ ಗೆರೆ ಬಿಗಿ: ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 5 ಅಡಿ 8 ಇಂಚು, ಗಂಡುಮಕ್ಕಳಿಗೆ 6 ಅಡಿ. ಅದಿಲ್ಲದಿದ್ದರೆ ಬೇಸರ ಬೇಡ, ಕೆಲಸ ಹೆಚ್ಚಿರುವುದು ಬೇರೆ ಕಡೆ. ಮಿಂತ್ರಾ 2007ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2014ರಲ್ಲಿ ಅದನ್ನು ಕೊಂಡ ಫ್ಲಿಪ್‌ಕಾರ್ಟ್ ಕೂಡ ಇದೇ ಊರಿನದು. ಆನ್‌ಲೈನ್ ಬಟ್ಟೆ ವ್ಯಾಪಾರ ಇರುವ ಕಡೆ ಕ್ಯಾಟಲಾಗ್ ಶೂಟು ಇರಲೇಬೇಕು. ಬಿಳಿ ಹಿನ್ನೆಲೆಯ ಮುಂದೆ ದಿನಕ್ಕೆ ಹತ್ತಾರು ಉಡುಪು ಬದಲಿಸುವ ಕೆಲಸ ಅದು. ಅದರ ಜತೆಗೆ ಒಡವೆ ಅಂಗಡಿಗಳ ಜಾಹೀರಾತು, ಸೀರೆ ಬ್ರ್ಯಾಂಡುಗಳು, ಜಿಮ್ ಉಡುಪು, ಮತ್ತೆ ‘ಕಮರ್ಷಿಯಲ್’ ಎನ್ನುವ ದೊಡ್ಡ ಗುಂಪು. ಬ್ಯಾಂಕ್, ಆಸ್ಪತ್ರೆ, ಅಪಾರ್ಟ್‌ಮೆಂಟ್, ಅಡುಗೆ ಎಣ್ಣೆಯ ಜಾಹೀರಾತುಗಳಲ್ಲಿ ಅಪ್ಪ, ಅಮ್ಮ, ಅಜ್ಜಿ, ಡಾಕ್ಟರ್ ಆಗಿ ಕಾಣುವವರೆಲ್ಲ ಈ ಗುಂಪಿನವರು. ಇಲ್ಲಿ ಎತ್ತರಕ್ಕೆ ಗೆರೆ ಇಲ್ಲ, ನಂಬುವಂಥ ಮುಖ ಇದ್ದರಾಯಿತು. ಐವತ್ತು ದಾಟಿದವರಿಗೂ ಇಲ್ಲಿ ಕೆಲಸ ಉಂಟು.

ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಎಲ್ಲಕ್ಕೂ ಸೈ ಎನ್ನುವ ಪೋರ್ಟ್‌ಫೋಲಿಯೊ ಯಾವ ಹುಡುಕಾಟಕ್ಕೂ ನೆನಪಾಗುವುದಿಲ್ಲ.

ಹಂತ 2: ಅಳತೆ, ಸುಳ್ಳಿಲ್ಲದೆ

ಕ್ಯಾಟಲಾಗ್ ಶೂಟಿಗೆ ಬರುವ ಬಟ್ಟೆ ಸ್ಯಾಂಪಲ್ ಪೀಸು. ಸಾಮಾನ್ಯವಾಗಿ ಒಂದೇ ಸೈಜಿನಲ್ಲಿ ಬರುತ್ತದೆ. ಸ್ವಲ್ಪ ಸಡಿಲವಾದರೆ ಸ್ಟೈಲಿಸ್ಟ್ ಬೆನ್ನ ಹಿಂದೆ ನಾಲ್ಕು ಕ್ಲಿಪ್ ಹಾಕಿ ಬಿಗಿ ಮಾಡುತ್ತಾಳೆ, ಮುಂದಿನಿಂದ ಗೊತ್ತಾಗುವುದಿಲ್ಲ. ಬಿಗಿಯಾದರೆ ಮಾತ್ರ ದಾರಿಯಿಲ್ಲ. ಸೊಂಟ 26 ಎಂದು ಬರೆದವಳ ಸೊಂಟ 29 ಇದ್ದರೆ ಜಿಪ್ ಅರ್ಧಕ್ಕೇ ನಿಲ್ಲುತ್ತದೆ, ಇಡೀ ಸೆಟ್ಟು ಅವಳ ಬೆನ್ನನ್ನೇ ನೋಡುತ್ತಾ ನಿಲ್ಲುತ್ತದೆ. ಸೊಂಟ 29 ಇರುವವರಿಗೆ ಕೆಲಸ ಇಲ್ಲವೆಂದಲ್ಲ, ಆ ಸೈಜಿಗೂ ಪ್ಲಸ್ ಸೈಜಿಗೂ ಬೇರೆಯೇ ಶೂಟುಗಳಿವೆ. 26 ಎಂದು ಬರೆದು 29 ಆಗಿ ಬಂದವರನ್ನು ಮಾತ್ರ ಮತ್ತೆ ಕರೆಯುವುದಿಲ್ಲ.

ಎತ್ತರ ಅಳೆಯುವಾಗ ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಗೋಡೆಗೆ ಗುರುತು ಹಾಕಿಸಿ. ಎದೆಯ ಸುತ್ತಳತೆ ಹೆಚ್ಚು ತುಂಬಿದ ಕಡೆ, ಸೊಂಟ ಅತಿ ಸಣ್ಣಗಿರುವ ಕಡೆ, ಹಿಪ್ ಅತಿ ಅಗಲವಿರುವ ಕಡೆ. ಟೇಪ್ ನೆಲಕ್ಕೆ ಸಮನಾಗಿರಲಿ, ಉಸಿರು ಎಳೆದು ಹಿಡಿಯಬೇಡಿ. ಗಂಡಸರು ಎದೆ, ಸೊಂಟ, ಕಾಲರ್, ಭುಜ ಮತ್ತು ಪ್ಯಾಂಟಿನ ಒಳಹೊಲಿಗೆಯ ಉದ್ದ ಕೊಡಬೇಕು. ಚಪ್ಪಲಿ ಸೈಜನ್ನು ಎಲ್ಲರೂ ಕೊಡಬೇಕು, ನಮ್ಮಲ್ಲಿ ಅದು ಯುಕೆ ಸೈಜಿನಲ್ಲಿ. ಕೂದಲು ಎಲ್ಲಿಯವರೆಗೆ, ಕಿವಿಗೆ ಎಷ್ಟು ತೂತು, ಹಚ್ಚೆ ಇದ್ದರೆ ಎಲ್ಲಿ, ಹಲ್ಲಿಗೆ ಕ್ಲಿಪ್ ಹಾಕಿದ್ದೀರಾ ಎಂಬುದನ್ನೂ ಸೇರಿಸಿ. ಎತ್ತರವನ್ನು ಅಡಿಯಲ್ಲೂ ಸೆಂಟಿಮೀಟರಿನಲ್ಲೂ ಬರೆಯಿರಿ. 5 ಅಡಿ 6 ಇಂಚು ಎಂದರೆ 168 ಸೆಂ.ಮೀ.

ಹಂತ 3: ಡಿಜಿಟಲ್ಸ್ (ಪೋರ್ಟ್‌ಫೋಲಿಯೊದ ಬೆನ್ನೆಲುಬು, ಖರ್ಚು ಸೊನ್ನೆ)

ಮೇಕಪ್ ಇಲ್ಲದ, ತಿದ್ದದ, ಸಾದಾ ಫೋಟೋಗಳಿಗೆ ಡಿಜಿಟಲ್ಸ್ ಎನ್ನುತ್ತಾರೆ. ಹಳಬರು ಈಗಲೂ ಪೋಲರಾಯ್ಡ್ ಅನ್ನುವುದುಂಟು. ತಕ್ಷಣ ಅಚ್ಚಾಗುವ, ತಿದ್ದಲು ಬಾರದ ಫೋಟೋ ಬೇಕೆಂದೇ ಏಜೆನ್ಸಿಗಳು ಹಿಂದೆ ಆ ಹೆಸರಿನ ಕ್ಯಾಮೆರಾ ಬಳಸುತ್ತಿದ್ದವು. ಉಳಿದ ಫೋಟೋಗಳನ್ನು ನಂಬಬಹುದೇ ಎಂದು ಕಾಸ್ಟಿಂಗ್‌ನವರು ಪರೀಕ್ಷಿಸುವುದು ಈ ಫೋಟೋಗಳಿಂದ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮನೆಯಲ್ಲಿ ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ. ನೀವು ಕಿಟಕಿಗೆ ಮುಖ ಮಾಡಿ ನಿಲ್ಲಿ, ಫೋಟೋ ತೆಗೆಯುವವರ ಬೆನ್ನು ಕಿಟಕಿಗಿರಲಿ. ನಿಮ್ಮ ಹಿಂದೆ ಬೋಳು ಗೋಡೆ. ಕ್ಯಾಲೆಂಡರು, ದೇವರ ಪಟ, ಸ್ವಿಚ್ ಬೋರ್ಡು ಕಾಣದಂತೆ ನೋಡಿಕೊಳ್ಳಿ. ಗೋಡೆಗೆ ಆತುಕೊಂಡರೆ ನೆರಳು ಬೀಳುತ್ತದೆ, ಮೂರಡಿ ಮುಂದೆ ಬನ್ನಿ. ಟ್ಯೂಬ್‌ಲೈಟ್ ಆರಿಸಿ. ಹಗಲ ಬೆಳಕೂ ಟ್ಯೂಬಿನ ಬೆಳಕೂ ಬೆರೆತರೆ ಮುಖದ ಒಂದು ಬದಿ ಹಸಿರಾಗಿ ಕಾಣುತ್ತದೆ.

ಫೋನಿನ ಹಿಂಬದಿಯ ಕ್ಯಾಮೆರಾ ಸಾಕು, ಆದರೆ ಹತ್ತಿರ ಬಂದು ತೆಗೆಯಬೇಡಿ. ಫೋನಿನ ಮಾಮೂಲಿ ಲೆನ್ಸ್ ಅಗಲದ್ದು. ಎರಡಡಿ ದೂರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ತನ್ನ ಮೂಗೇ ಸರಿಯಿಲ್ಲ ಎಂದು ಕೊರಗುವವರಲ್ಲಿ ಅರ್ಧ ಜನ ಬಯ್ಯಬೇಕಾದದ್ದು ಸೆಲ್ಫಿಯನ್ನು. ಎಂಟು ಹತ್ತು ಅಡಿ ಹಿಂದೆ ಹೋಗಿ 2ಎಕ್ಸ್ ಜೂಮ್ ಹಾಕಿಸಿ. ಮುಖದ ಫೋಟೋಗೆ ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಪೂರ್ತಿ ದೇಹದ ಫೋಟೋಗೆ ಸೊಂಟದ ಮಟ್ಟಕ್ಕೆ ಇಳಿಸಿ. ಫೋಟೋ ತೆಗೆಯುವವರು ನಿಂತು ತಮ್ಮ ತಲೆಯ ಎತ್ತರದಿಂದ ತೆಗೆದರೆ ನಿಮ್ಮ ಕಾಲು ಗಿಡ್ಡವಾಗಿ ಕಾಣುತ್ತದೆ. ಬ್ಯೂಟಿ ಮೋಡ್, ಪೋರ್ಟ್ರೇಟ್ ಮೋಡ್ ಎರಡನ್ನೂ ಆಫ್ ಮಾಡಿ.

ಉಡುಪು ಮೈಗೆ ಹಿಡಿದ ಕಪ್ಪು ಇಲ್ಲವೇ ಬಿಳಿ ಟೀ ಶರ್ಟ್, ಸಾದಾ ಜೀನ್ಸ್ ಅಥವಾ ಲೆಗಿಂಗ್ಸ್. ಬರಿಗಾಲು. ಒಡವೆ, ವಾಚು, ಬಿಂದಿ ಏನೂ ಬೇಡ. ಕಾಡಿಗೆ ಕೂಡ ಬೇಡ. ನಮ್ಮ ಹುಡುಗಿಯರು ಕಾಡಿಗೆಯನ್ನು ಮೇಕಪ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕ್ಯಾಮೆರಾ ಹಿಡಿಯುತ್ತದೆ.

ಬೇಕಾದ ಫ್ರೇಮುಗಳು ಇವು: ಮುಖ ನೇರವಾಗಿ, ನಗದೆ; ಮುಖ ನೇರವಾಗಿ, ಹಲ್ಲು ಕಾಣುವಂತೆ ನಕ್ಕು; ಎಡ ಪಕ್ಕ; ಬಲ ಪಕ್ಕ; ಸ್ವಲ್ಪ ಓರೆ; ಸೊಂಟದಿಂದ ಮೇಲೆ; ಪೂರ್ತಿ ದೇಹ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಕೂದಲು ಕಟ್ಟಿ ಒಂದು ಸುತ್ತು, ಬಿಟ್ಟು ಒಂದು ಸುತ್ತು. ಒಡವೆ ಜಾಹೀರಾತಿನ ಆಸೆ ಇದ್ದರೆ ಇನ್ನೂ ಮೂರು ಸೇರಿಸಿ: ಅಂಗೈ ಮತ್ತು ಮುಂಗೈ, ಕಿವಿಯ ಹತ್ತಿರದ ನೋಟ, ಬೈತಲೆ ತೆಗೆದು ಹಣೆಯಿಂದ ಕತ್ತಿನ ಬುಡದವರೆಗೆ. ಭಾರದ ಜುಮಕಿ ಹಾಕಿ ಹಾಕಿ ಕಿವಿಯ ತೂತು ಉದ್ದವಾಗಿದ್ದರೆ ಒಡವೆ ಕ್ಲೋಸಪ್‌ನಲ್ಲಿ ಅದೇ ಎದ್ದು ಕಾಣುತ್ತದೆ. ಮೊದಲೇ ಗೊತ್ತಿದ್ದರೆ ಅಂಟು ಹಚ್ಚಿ ನಿಭಾಯಿಸುತ್ತಾರೆ.

ಈಜುಡುಗೆಯ ಡಿಜಿಟಲ್ಸ್ ಕೇಳುತ್ತಾರಂತೆ, ಹೌದಾ ಎಂದು ಹಲವರಿಗೆ ಭಯ. ವಿದೇಶಕ್ಕೆ ಕಳಿಸುವ, ರ‍್ಯಾಂಪಿನ ಏಜೆನ್ಸಿಗಳಲ್ಲಿ ಆ ರೂಢಿ ಇದೆ. ಕ್ಯಾಟಲಾಗ್, ಸೀರೆ, ಒಡವೆ, ಕಮರ್ಷಿಯಲ್ ಯಾವುದಕ್ಕೂ ಅದು ಬೇಕಿಲ್ಲ. ಹೆಸರಿಲ್ಲದ ನಂಬರಿನಿಂದ ‘ಬಾಡಿ ಫೋಟೋ ಕಳಿಸಿ’ ಎಂದು ಯಾರಾದರೂ ಮೆಸೇಜ್ ಮಾಡಿದರೆ ಬ್ಲಾಕ್ ಮಾಡಿ, ಅದಕ್ಕೆ ಉತ್ತರವನ್ನೂ ಕೊಡಬೇಡಿ.

ಹಂತ 4: ಸ್ಟುಡಿಯೋ ಶೂಟ್

ಡಿಜಿಟಲ್ಸ್ ಇಟ್ಟುಕೊಂಡೇ ಅರ್ಜಿ ಹಾಕಲು ಶುರು ಮಾಡಬಹುದು, ಹಲವು ಏಜೆನ್ಸಿಗಳಿಗೆ ಅಷ್ಟೇ ಸಾಕು. ಆದರೂ ಬೆಳಕಿನ ಮುಂದೆ ನಿಮಗೆ ಏನು ಮಾಡಲು ಬರುತ್ತದೆ ಎಂದು ತೋರಿಸಲು ಒಂದು ಒಳ್ಳೆಯ ಶೂಟ್ ಬೇಕು. ಮದುವೆ ಫೋಟೋಗ್ರಾಫರ್ ಹತ್ತಿರ ಹೋಗಬೇಡಿ. ಅವರ ಕೈಚಳಕ ಬೇರೆ, ಪೋರ್ಟ್‌ಫೋಲಿಯೊ ಮದುವೆ ಆಲ್ಬಮ್ ಅಲ್ಲ. ಬಟ್ಟೆ, ಮುಖ ತೆಗೆದು ಪಳಗಿದವರನ್ನು ಹುಡುಕಿ, ಅವರು ತೆಗೆದ ತಿದ್ದದ ಫೋಟೋ ಒಂದೆರಡು ತೋರಿಸಲು ಕೇಳಿ.

ನಾಲ್ಕು ಲುಕ್ ಸಾಕು: ಬಿಳಿ ಹಿನ್ನೆಲೆಯ ಕ್ಯಾಟಲಾಗ್ ಶೈಲಿ, ಹತ್ತಿರದ ಮುಖ, ಒಂದು ಸೀರೆ ಅಥವಾ ಕುರ್ತಾ, ಹೊರಗಿನ ಬೆಳಕಿನಲ್ಲಿ ಒಂದು ಸಹಜ ದೃಶ್ಯ. ಸೀರೆಗೆ ನನ್ನದೊಂದು ಹಟ ಇದೆ: ಮೈಸೂರು ಸಿಲ್ಕ್, ಇಳಕಲ್ ಎರಡರಲ್ಲಿ ಒಂದನ್ನಾದರೂ ನೀವೇ ಉಟ್ಟು ಬನ್ನಿ. ಮೈಸೂರು ಸಿಲ್ಕಿನ ಕ್ರೇಪ್ ಇಳಿಬೀಳುತ್ತದೆ, ಇಳಕಲ್ ನಿಲ್ಲುತ್ತದೆ, ಎರಡರ ನೆರಿಗೆ ಹಿಡಿಯುವುದೂ ಬೇರೆ ಬೇರೆ. ಸೆರಗನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದವಳಿಗೂ ಎರಡು ಬೆರಳಿನಲ್ಲಿ ಅಂಚು ತಿರುಗಿಸಿ ಜರಿ ಕಾಣಿಸುವವಳಿಗೂ ಇರುವ ವ್ಯತ್ಯಾಸ ಸೀರೆ ಬ್ರ್ಯಾಂಡಿನವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮಾರಬೇಕಾದದ್ದು ಆ ಅಂಚೇ ತಾನೆ.

ಬಣ್ಣ ಬಿಳಿಯಾಗಿಸುವ ರೀಟಚ್ ಬೇಡವೇ ಬೇಡ. ಸೆಟ್ಟಿಗೆ ಬರುವ ಮೇಕಪ್ ಕಲಾವಿದೆ ಫೌಂಡೇಶನ್ ಶೇಡ್ ಆರಿಸುವುದು ನಿಮ್ಮ ಫೋಟೋ ನೋಡಿ. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸುವ ಜಾಹೀರಾತು ಕೂಡದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ನಿಯಮ ತಂದಿತು. ‘ಡಸ್ಕಿ ಸ್ಕಿನ್’ (ಕಪ್ಪು ಮೈಬಣ್ಣ) ಎಂದೇ ಕೇಳಿ ಬರುವ ರಿಕ್ವೈರ್‌ಮೆಂಟುಗಳೂ, ಅಂದರೆ ಕಾಸ್ಟಿಂಗ್ ಸಂದೇಶಗಳೂ ಈಗ ಇವೆ. ಮೊಡವೆ ತೆಗೆಯಬಹುದು, ಅದು ವಾರದಲ್ಲಿ ಹೋಗುವಂಥದ್ದು. ಮಚ್ಚೆ, ಗಾಯದ ಗುರುತು ಹಾಗೇ ಇರಲಿ. ಎಐ ಬಳಸಿ ಮಾಡಿದ ಚಿತ್ರಗಳಂತೂ ಬೇಡ. ಒಂದು ಸಿಕ್ಕಿಬಿದ್ದರೆ ಉಳಿದ ಎಲ್ಲವನ್ನೂ ಅನುಮಾನದಿಂದ ನೋಡುತ್ತಾರೆ.

ಹಣದ ವಿಷಯಕ್ಕೆ ಕಾನೂನಿನ ಒಂದು ಗಂಟು ಇದೆ, ಬಹಳ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ದುಡ್ಡು ಕೊಟ್ಟು ನಿಮಗಾಗಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ನೀವೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಇಬ್ಬರೂ ದುಡ್ಡಿಲ್ಲದೆ ಸೇರಿ ಮಾಡುವ ಕೊಲಾಬ್ ಶೂಟಿನಲ್ಲಿ ಹಕ್ಕು ಸಾಮಾನ್ಯವಾಗಿ ಫೋಟೋಗ್ರಾಫರ್ ಕೈಯಲ್ಲೇ ಉಳಿಯುತ್ತದೆ. ಎರಡು ಸಂದರ್ಭದಲ್ಲೂ ಶೂಟಿಗೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ: ಎಷ್ಟು ಫೋಟೋ ತಿದ್ದಿ ಕೊಡುತ್ತಾರೆ, ಯಾವತ್ತು, ಅವರು ಎಲ್ಲಿ ಹಾಕಬಹುದು, ಬೇರೆಯವರಿಗೆ ಮಾರಬಹುದಾ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದು ‘ಓಕೆ’ ಹಾಕಿಸಿಕೊಂಡರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಹಂತ 5: ಆಯ್ಕೆ ಮತ್ತು ಅನುಕ್ರಮ

ಹನ್ನೆರಡರಿಂದ ಹದಿನೈದು ಫೋಟೋ. ಅದಕ್ಕಿಂತ ಜಾಸ್ತಿಯಾದರೆ ದುರ್ಬಲವಾದವು ನುಸುಳುತ್ತವೆ, ಜನ ನೆನಪಿಟ್ಟುಕೊಳ್ಳುವುದು ಅವನ್ನೇ. ಒಂದೇ ಬಟ್ಟೆಯಲ್ಲಿ ಎರಡಕ್ಕಿಂತ ಹೆಚ್ಚು ಬೇಡ. ಮನೆಯವರನ್ನು ಕೇಳಬೇಡಿ. ಅಮ್ಮ ಆರಿಸುವುದು ಮಗಳು ಮುದ್ದಾಗಿ ಕಾಣುವ ಫೋಟೋ, ಬಟ್ಟೆ ಹೇಗೆ ಕಾಣುತ್ತದೆ ಎನ್ನುವುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಎಲ್ಲ ಫೋಟೋಗಳನ್ನೂ ಫೋನಿನ ಗ್ಯಾಲರಿಯಲ್ಲಿ ಸಣ್ಣ ಚೌಕಗಳಾಗಿ ಇಟ್ಟು ಕೈಯಳತೆ ದೂರದಿಂದ ನೋಡಿ. ಆ ಗಾತ್ರದಲ್ಲೂ ಮುಖ ಗುರುತು ಸಿಗುವುದು ಯಾವುದೋ ಅದು ಮೊದಲನೆಯದು.

ಅದರ ನಂತರ ಪೂರ್ತಿ ದೇಹದ ಒಂದು, ಆಮೇಲೆ ನೀವು ಹುಡುಕುತ್ತಿರುವ ಕೆಲಸಕ್ಕೆ ಅತಿ ಹತ್ತಿರದ ಮೂರು. ಡಿಜಿಟಲ್ಸ್ ಬೇರೆ ವಿಭಾಗ, ತೆಗೆದ ತಿಂಗಳು ಮತ್ತು ವರ್ಷ ಬರೆದು. ಬ್ರ್ಯಾಂಡಿಗೆ ಮಾಡಿದ ಕೆಲಸ ಇದ್ದರೆ ಹಾಕಿ, ಆದರೆ ಅವರು ತಾವೇ ಪ್ರಕಟಿಸಿದ ಮೇಲೆ. ಬಿಡುಗಡೆಗೆ ಮೊದಲು ಹೊಸ ಕಲೆಕ್ಷನ್ ನಿಮ್ಮ ಪುಟದಲ್ಲಿ ಕಂಡರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಸೆಟ್ಟಿನ ಸೆಲ್ಫಿಗೂ ಇದೇ ಮಾತು.

ಹಂತ 6: ಇಂಟ್ರೋ ವಿಡಿಯೋ

ನಮ್ಮ ದೇಶದ ಜಾಹೀರಾತು ಕಾಸ್ಟಿಂಗ್‌ನಲ್ಲಿ ಇದಿಲ್ಲದೆ ಆಗುವುದಿಲ್ಲ. ಮುಕ್ಕಾಲು ನಿಮಿಷ ಸಾಕು. ಫೋನ್ ಅಡ್ಡ ಹಿಡಿದು, ಫ್ಯಾನ್ ಆಫ್ ಮಾಡಿ (ಫ್ಯಾನಿನ ಗಾಳಿ ಸದ್ದು ಮೈಕಿಗೆ ಮಾತಿಗಿಂತ ಜೋರಾಗಿ ಕೇಳುತ್ತದೆ), ಹೆಸರು, ವಯಸ್ಸು, ಎತ್ತರ, ಈಗಿರುವ ಊರು, ಬರುವ ಭಾಷೆಗಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕೈಗಳ ಎರಡೂ ಬದಿ ತೋರಿಸಿ. ಹತ್ತು ಹೆಜ್ಜೆ ನಡೆದು ಬನ್ನಿ. ಸೀರೆಯ ಕೆಲಸ ಬೇಕಿದ್ದರೆ ಆ ನಡಿಗೆ ಸೀರೆಯಲ್ಲಿರಲಿ, ನೆರಿಗೆ ಕಾಲಿಗೆ ಸಿಕ್ಕದಂತೆ.

ಮಾತಾಡುವ ಪಾತ್ರಗಳಿಗೆ ಕನ್ನಡ ದೊಡ್ಡ ಆಸ್ತಿ. ಎಷ್ಟೋ ಜಾಹೀರಾತು ಮುಂಬೈಯಲ್ಲಿ ಹಿಂದಿಯಲ್ಲಿ ತಯಾರಾಗಿ ಕನ್ನಡಕ್ಕೆ ಡಬ್ ಆಗಿ ಬರುತ್ತವೆ. ಇಲ್ಲೇ ತೆಗೆಯುವಾಗ ತುಟಿ ಸರಿಹೊಂದುವ ಮುಖ ಬೇಕಾಗುತ್ತದೆ. ಹುಬ್ಬಳ್ಳಿ–ಧಾರವಾಡದ ಮಾತೋ ಮಂಗಳೂರಿನ ಮಾತೋ ನಿಮ್ಮದಾಗಿದ್ದರೆ ಎರಡು ಸಾಲು ಹಾಗೇ ಆಡಿ ತೋರಿಸಿ, ಅಳಿಸಿಕೊಳ್ಳಬೇಡಿ.

ಹಂತ 7: ಎಲ್ಲಿ ಇಡುವುದು

ಒಂದೇ ಲಿಂಕ್. ವೆಬ್ ಪುಟ ಕಟ್ಟಲು ಗೂಗಲ್ ಸೈಟ್ಸ್ ಪುಕ್ಕಟೆ, ವಿಕ್ಸ್‌ನಲ್ಲೂ ಪುಕ್ಕಟೆ ಪ್ಲಾನ್ ಇದೆ, ಅಡೋಬಿಯ ಕ್ರಿಯೇಟಿವ್ ಕ್ಲೌಡ್ ಚಂದಾ ಇರುವವರಿಗೆ ಅಡೋಬಿ ಪೋರ್ಟ್‌ಫೋಲಿಯೊ ಸಿಗುತ್ತದೆ. ಸ್ವಂತ ಡೊಮೇನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವೇನಿಲ್ಲ. ಪುಟದ ಮೇಲ್ಭಾಗದಲ್ಲೇ ಹೆಸರು, ಊರು, ಎತ್ತರ, ಅಳತೆ; ಆಮೇಲೆ ಫೋಟೋ. ಸಂಗೀತ, ತಾನಾಗಿ ಓಡುವ ಸ್ಲೈಡ್ ಶೋ, ‘ನನ್ನ ಪಯಣ’ ಎಂಬ ಪ್ರಬಂಧ ಎಲ್ಲ ತೆಗೆದುಹಾಕಿ.

ಫೋಟೋಗಳು ಜೆಪೆಗ್, ಎಸ್‌ಆರ್‌ಜಿಬಿ (ಪರದೆಗಳಲ್ಲಿ ಮಾಮೂಲಿ ಬಳಸುವ) ಬಣ್ಣ, ಉದ್ದದ ಬದಿ 2000 ಪಿಕ್ಸೆಲ್, ಒಂದೊಂದೂ 500 ಕೆಬಿ ಒಳಗೆ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಸ್ಥಳದ ಮಾಹಿತಿ ಅಡಗಿರಬಹುದು, ಹಾಕುವ ಮೊದಲು ಅಳಿಸಿ. ಇಲ್ಲದಿದ್ದರೆ ಮನೆಯ ಕಿಟಕಿ ಎಲ್ಲಿದೆ ಎಂದು ಲೋಕಕ್ಕೆ ಹೇಳಿದಂತೆ.

ಅದರ ಜತೆಗೆ ಒಂದು ಪುಟದ ಪಿಡಿಎಫ್ ಕಾಂಪ್ ಕಾರ್ಡ್ ಇರಲಿ: ಒಂದು ದೊಡ್ಡ ಮುಖ, ಮೂರು ನಾಲ್ಕು ಸಣ್ಣ ಫೋಟೋ, ಅಳತೆ. ಬ್ರ್ಯಾಂಡಿನವರಿಗೆ ಕೋಆರ್ಡಿನೇಟರ್ ಮುಂದಕ್ಕೆ ತಳ್ಳುವುದು ಇದನ್ನೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವನ್ನು ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಮಬ್ಬಾಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಗೂಗಲ್ ಡ್ರೈವ್ ಲಿಂಕ್ ಕೊಡುವುದಾದರೆ ‘ಲಿಂಕ್ ಇರುವ ಯಾರು ಬೇಕಾದರೂ’ ನೋಡುವಂತೆ ಇಡಿ, ನಂತರ ಇನ್‌ಕಾಗ್ನಿಟೊ (ನಿಮ್ಮ ಲಾಗಿನ್ ಇಲ್ಲದ) ವಿಂಡೋದಲ್ಲಿ ತೆರೆದು ನೋಡಿ. ‘ಅನುಮತಿ ಕೇಳಿ’ ಎಂಬ ಪರದೆ ಕಂಡರೆ ಯಾವ ಕೋಆರ್ಡಿನೇಟರೂ ಅನುಮತಿ ಕೇಳುತ್ತಾ ಕೂರುವುದಿಲ್ಲ.

ಇನ್‌ಸ್ಟಾಗ್ರಾಮ್ ಬೇಕೇ ಬೇಕು, ಆದರೆ ಅದು ಎರಡನೇ ಬಾಗಿಲು. ಅಕೌಂಟ್ ಪಬ್ಲಿಕ್ ಇರಲಿ, ಬಯೋದಲ್ಲಿ ಎತ್ತರ, ಊರು, ಲಿಂಕ್. ಮೇಲೆ ಪಿನ್ ಮಾಡಲು ಸಿಗುವ ಮೂರು ಜಾಗದಲ್ಲಿ ಮುಖ, ಪೂರ್ತಿ ದೇಹ, ಇಂಟ್ರೋ ವಿಡಿಯೋ. ಡಿಜಿಟಲ್ಸ್‌ಗೆ ಒಂದು ಹೈಲೈಟ್. ಗೆಳತಿಯ ಅರಿಶಿನ ಶಾಸ್ತ್ರ, ಗೋಕರ್ಣದ ಟ್ರಿಪ್ಪು ಎಲ್ಲ ಬೇರೆ ಅಕೌಂಟಿಗೆ ಹೋಗಲಿ.

ಹಂತ 8: ಕಳಿಸುವ ರೀತಿ

ರಿಕ್ವೈರ್‌ಮೆಂಟನ್ನು ಎರಡು ಸಲ ಓದಿ. ಕೇಳಿದ್ದಕ್ಕೆ ಹೊಂದದಿದ್ದರೆ ಕಳಿಸಬೇಡಿ. ಹೊಂದಿದರೆ ಇಷ್ಟು ಸಾಕು:

‘ನಮಸ್ತೆ ಮೇಡಂ, ಶುಕ್ರವಾರದ ಸೀರೆ ಶೂಟಿಗೆ ನನ್ನ ಪ್ರೊಫೈಲ್. ವಯಸ್ಸು 24, ಎತ್ತರ 5 ಅಡಿ 6, ಬಸ್ಟ್ 34, ವೇಸ್ಟ್ 28, ಹಿಪ್ 37. ಕೂದಲು ಸೊಂಟದವರೆಗೆ. ಇರುವುದು ಮೈಸೂರು, ಗುರುವಾರ ರಾತ್ರಿಯೇ ಬೆಂಗಳೂರಿಗೆ ಬರಬಲ್ಲೆ. ಲಿಂಕ್ ಮತ್ತು ಕಾರ್ಡ್ ಕೆಳಗಿದೆ.’

‘ಹಾಯ್’ ಎಂದು ಕಳಿಸಿ ಉತ್ತರಕ್ಕೆ ಕಾಯುವವರಿಗೆ ಉತ್ತರ ಬರುವುದಿಲ್ಲ. ಒಂದು ಸಲ ನೆನಪಿಸಬಹುದು, ಎರಡನೇ ಸಲ ಬೇಡ. ಆಯ್ಕೆಯಾಗದವರಿಗೆ ತಿಳಿಸುವ ಪದ್ಧತಿ ಈ ಕ್ಷೇತ್ರದಲ್ಲಿ ಇಲ್ಲ. ಒರಟು ಅನಿಸಿದರೂ ಇರುವುದು ಹಾಗೇ.

ಹಂತ 9: ಬೇಲಿ

ಪುಟದಲ್ಲಿ ಕೆಲಸಕ್ಕೆಂದೇ ಇಟ್ಟ ಇಮೇಲ್ ಮತ್ತು ನಂಬರ್ ಮಾತ್ರ ಇರಲಿ. ಮನೆ ವಿಳಾಸ, ಹುಟ್ಟಿದ ದಿನಾಂಕ, ಆಧಾರ್ ಯಾವುದೂ ಬೇಡ. ‘ರಿಜಿಸ್ಟ್ರೇಷನ್ ಫೀಸ್ ಕಟ್ಟಿ’, ‘ನಮ್ಮ ಸ್ಟುಡಿಯೋದಲ್ಲೇ ಫೋಲಿಯೊ ಮಾಡಿಸಿದರೆ ಮಾತ್ರ ಕೆಲಸ’ ಎನ್ನುವವರು ಮಾರುತ್ತಿರುವುದು ಫೋಲಿಯೊವನ್ನು, ಕೆಲಸ ಅವರ ಹತ್ತಿರ ಇರುವುದಿಲ್ಲ. ನೆಟ್ಟಗಿನ ಏಜೆನ್ಸಿ ನಿಮಗೆ ಸಂಭಾವನೆ ಬಂದ ಮೇಲೆ ಅದರಲ್ಲಿ ಕಮಿಷನ್ ಹಿಡಿಯುತ್ತದೆ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಕ್ಕಳ ಪೋರ್ಟ್‌ಫೋಲಿಯೊ ಮಾಡುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ, ಅದರ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಸಂಪಾದನೆಯ ಕನಿಷ್ಠ ಶೇ 20 ಭಾಗ ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿಗೆ ಹೋಗಬೇಕು. ಮಗುವಿನ ಫೋಟೋಗಳನ್ನು ಬಹಿರಂಗ ಪುಟದಲ್ಲಿ ಇಡಬೇಡಿ. ಪಾಸ್‌ವರ್ಡ್ ಇರುವ ಲಿಂಕ್ ಮಾಡಿ, ಕೇಳಿದವರಿಗಷ್ಟೇ ಕೊಡಿ. ಶಾಲೆಯ ಯೂನಿಫಾರ್ಮ್ ಕಾಣುವ ಫೋಟೋ ಅಲ್ಲೂ ಬೇಡ.

ಹಂತ 10: ತಾಜಾ ಇಡುವುದು

ಡಿಜಿಟಲ್ಸ್ ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಿರಿ, ಅವತ್ತೇ ಅಳತೆಯನ್ನೂ ಮತ್ತೆ ತೆಗೆಯಿರಿ. ಕೂದಲು ಕತ್ತರಿಸಿದರೆ, ಬಣ್ಣ ಹಾಕಿಸಿದರೆ, ಗಡ್ಡ ಬೋಳಿಸಿದರೆ ಆ ದಿನವೇ. ಶೂಟ್ ಗೊತ್ತಾದ ಮೇಲೆ ಕೋಆರ್ಡಿನೇಟರ್‌ಗೆ ಹೇಳದೆ ಇದ್ಯಾವುದನ್ನೂ ಮಾಡಬೇಡಿ, ಹುಬ್ಬು ತೆಳು ಮಾಡಿಸುವುದನ್ನೂ. ಹೊಸ ಫೋಟೋ ಒಂದು ಸೇರಿದಾಗ ಹಳೆಯದೊಂದು ಹೊರಗೆ ಹೋಗಲಿ. ಪುಟದ ವಿಳಾಸವನ್ನು ಮಾತ್ರ ಬದಲಿಸಬೇಡಿ. ಕಳೆದ ವರ್ಷ ನಿಮ್ಮ ಲಿಂಕ್ ಸೇವ್ ಮಾಡಿಕೊಂಡ ಕೋಆರ್ಡಿನೇಟರ್ ಅದನ್ನು ತೆರೆಯುವುದು ಈ ವರ್ಷದ ಯಾವುದೋ ಮಂಗಳವಾರ ಸಂಜೆ ಇರಬಹುದು.